ಬಸಪ್ಪನವರ ಹೆಸರು ಒಡೆಯದಂತೆ: ಡಾಕರ್, ನಿಕ್ಸ್, ಗೀಕ್ಸ್ ಬಳಸಿ ನೋಡಿದ ಒಂದು ಮಳೆಗಾಲ

ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ಗೇಟು ದಾಟಿದ ಪ್ರತಿ ಟ್ರ್ಯಾಕ್ಟರ್ ವೇಬ್ರಿಡ್ಜಿನ ಮೇಲೆ, ನಮ್ಮ ಕಡೆಯವರ ಮಾತಿನಲ್ಲಿ ಕಾಟಾದ ಮೇಲೆ, ಎರಡು ಸಲ ನಿಲ್ಲುತ್ತದೆ: ತುಂಬಿದ ಟ್ರ್ಯಾಲಿಯೊಂದಿಗೆ ಒಮ್ಮೆ, ಕಬ್ಬು ಇಳಿಸಿದ ಮೇಲೆ ಇನ್ನೊಮ್ಮೆ. ಎರಡನೆಯ ತೂಕವಾದ ಕೂಡಲೇ ರೈತರ ಕೈಗೆ ಒಂದು ಚೀಟಿ ಬರುತ್ತದೆ, ಮುಂದೆ ಹಣ ಪಾವತಿಯಾಗುವುದು ಆ ಚೀಟಿಯ ಆಧಾರದ ಮೇಲೆಯೇ. ಬೆಳಗಾವಿಯ ಟಿಳಕವಾಡಿಯಲ್ಲಿ ಕುಳಿತು ನಾವು ನಾಲ್ವರು ಬರೆಯುವುದು ಈ ಚೀಟಿಯ ಹಿಂದಿರುವ ಸಾಫ್ಟ್‌ವೇರನ್ನು. 2023ರ ನವೆಂಬರಿನಲ್ಲಿ ಬಾಗಲಕೋಟೆ ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ಹೊಸ ಸರ್ವರ್ ಕೂಡಿಸಿ ಬಂದ ರಾತ್ರಿಯೇ ಕಾಟಾದ ಗುಮಾಸ್ತರು ಫೋನ್ ಮಾಡಿದರು: "ಸರ, ಹೆಸರ ಎಲ್ಲಾ ಒಡದ ಬರಾಕತ್ತಾವ್ರಿ."

ಅವರು ಕಳುಹಿಸಿದ ಫೋಟೋದಲ್ಲಿ ಬಸಪ್ಪ ಎಂಬುದು 'ಬಸಪ್‌ಪ' ಆಗಿತ್ತು, ಯಲ್ಲವ್ವ ಎಂಬುದು 'ಯಲ್‌ಲವ್‌ವ' ಆಗಿತ್ತು. ನಮ್ಮ ಭಾಗದಲ್ಲಿ ಅಪ್ಪ, ಅವ್ವ ಎಂದು ಮುಗಿಯದ ಹೆಸರುಗಳು ಎಷ್ಟಿದ್ದಾವು? ಒತ್ತಕ್ಷರ ಕೈಕೊಟ್ಟರೆ ಇಲ್ಲಿ ಸಾಲಿನಲ್ಲಿ ನಿಂತ ಹೆಚ್ಚುಕಡಿಮೆ ಪ್ರತಿಯೊಬ್ಬರ ಹೆಸರೂ ಕೆಡುತ್ತದೆ. ತೂಕ ಸರಿಯಿತ್ತು, ಲೆಕ್ಕ ಸರಿಯಿತ್ತು, ಆದರೆ ತನ್ನ ಹೆಸರನ್ನೇ ಸರಿಯಾಗಿ ಬರೆಯದ ಚೀಟಿಯ ತೂಕವನ್ನು ರೈತ ನಂಬಬೇಕೆಂದು ಹೇಳುವ ಧೈರ್ಯ ನನಗಿರಲಿಲ್ಲ.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಚೀಟಿ ಮುದ್ರಿಸುವ ಥರ್ಮಲ್ ಪ್ರಿಂಟರಿನಲ್ಲಿ ಕನ್ನಡದ ಅಕ್ಷರಗಳಿಲ್ಲವಾದ್ದರಿಂದ ನಾವು ಪೈಥಾನ್ ಭಾಷೆಯ ಪಿಲ್ಲೋ ಎಂಬ ಲೈಬ್ರರಿಯಿಂದ (ಲೈಬ್ರರಿ ಎಂದರೆ ಬೇರೆ ಪ್ರೋಗ್ರಾಮುಗಳು ಬಳಸುವ ಸಿದ್ಧ ಸಂಕೇತದ ಕಟ್ಟು) ಬರಹವನ್ನು ಚಿತ್ರವಾಗಿ ಬಿಡಿಸಿ ಆ ಚಿತ್ರವನ್ನೇ ಮುದ್ರಿಸುತ್ತೇವೆ. ಕನ್ನಡದ ಅಕ್ಷರಗಳನ್ನು ಜೋಡಿಸಲು, ಅಂದರೆ ಕಾಗುಣಿತ ಕೂಡಿಸಿ ಒತ್ತು ಕೆಳಗಿಳಿಸಲು, ಪಿಲ್ಲೋ ರಾಕ್ಮ್ ಎಂಬ ಇನ್ನೊಂದು ಲೈಬ್ರರಿಯನ್ನು ಅವಲಂಬಿಸಿದೆ. ಪೈಥಾನಿನ ಪ್ಯಾಕೇಜುಗಳನ್ನು ಇಳಿಸಿ ಕೂಡಿಸುವ ಪಿಪ್ ಮೂಲಕ ಬರುವ ಸಿದ್ಧ ಪಿಲ್ಲೋದಲ್ಲಿ ರಾಕ್ಮ್ ಒಳಗೇ ಇರುತ್ತದೆ, ಆದರೆ ಅದಕ್ಕೆ ಬೇಕಾದ ಫ್ರಿಬಿಡಿ ಎಂಬ ಲೈಬ್ರರಿಯನ್ನು ಮಾತ್ರ ಓಡುವ ಹೊತ್ತಿನಲ್ಲಿ ಯಂತ್ರದಿಂದಲೇ ಹುಡುಕಿಕೊಳ್ಳಲಾಗುತ್ತದೆ. ಫ್ರಿಬಿಡಿ ಇರುವುದು ಉರ್ದು, ಅರಬ್ಬಿಯಂತಹ ಬಲದಿಂದ ಎಡಕ್ಕೆ ಸಾಗುವ ಬರಹಗಳಿಗಾಗಿ. ಕನ್ನಡಕ್ಕೆ ಅದರ ನೇರ ಅಗತ್ಯವಿಲ್ಲದಿದ್ದರೂ ಅದಿಲ್ಲದೆ ರಾಕ್ಮ್ ಏಳುವುದಿಲ್ಲ, ಮತ್ತು ರಾಕ್ಮ್ ಏಳದಿದ್ದರೆ ಪಿಲ್ಲೋ ಯಾವ ದೋಷವನ್ನೂ ವರದಿ ಮಾಡದೆ ತನ್ನ ಸರಳ ಜೋಡಣೆಗೆ ಮರಳಿ, ಒಂದೊಂದು ಸಂಕೇತವನ್ನೂ ಒಂದರ ಪಕ್ಕ ಒಂದಿಟ್ಟು ಬಿಡಿಸುತ್ತದೆ. ನಮ್ಮ ಉಬುಂಟು ಲ್ಯಾಪ್‌ಟಾಪುಗಳಲ್ಲಿ ಪ್ಯಾಂಗೋ ಎಂಬ ಬರಹ ಜೋಡಿಸುವ ಲೈಬ್ರರಿಯ ಜೊತೆಗೆ ಫ್ರಿಬಿಡಿ ತಾನಾಗಿ ಬಂದಿತ್ತು. ಕಾರ್ಖಾನೆಗೆ ಕಳುಹಿಸಿದ ತೆಳ್ಳನೆಯ ಡಾಕರ್ ಇಮೇಜಿನಲ್ಲಿ, ಅಂದರೆ ಪ್ರೋಗ್ರಾಮನ್ನೂ ಅದಕ್ಕೆ ಬೇಕಾದದ್ದನ್ನೂ ಒಟ್ಟಿಗೆ ಕಟ್ಟಿಟ್ಟ ಗಂಟಿನಲ್ಲಿ, ಅದು ಇರಲಿಲ್ಲ.

ಪಿಲ್ಲೋದ ಆವೃತ್ತಿಯನ್ನು ಹ್ಯಾಶ್ (ಒಳಗಿರುವುದನ್ನು ಲೆಕ್ಕಹಾಕಿ ಪಡೆದ, ಬೆರಳಚ್ಚಿನಂತಹ ಗುರುತು) ಸಹಿತ ನಾವು ಬರೆದಿಟ್ಟಿದ್ದೆವು ಎಂಬುದನ್ನು ಇಲ್ಲಿ ಹೇಳಲೇಬೇಕು. ಆವೃತ್ತಿಗಳನ್ನು ಹೀಗೆ ಬರೆದಿಡುವ ಪೈಥಾನಿನ ಲಾಕ್ ಕಡತ ಪೈಥಾನಿನ ಗಡಿಯವರೆಗೆ ಮಾತ್ರ ಕಾಯುತ್ತದೆ, ಅದರಾಚೆ ಸಿ ಭಾಷೆಯ ಲೈಬ್ರರಿಗಳು, ಫಾಂಟುಗಳು, ಲೊಕೇಲ್ (ಭಾಷೆ, ಪ್ರದೇಶದ ಹೊಂದಿಕೆ) ಎಲ್ಲವೂ ಆಯಾ ಯಂತ್ರದ ಪಾಲಿಗೆ ಬಿಟ್ಟದ್ದು. ಆದ್ದರಿಂದ ಮುಂದಿನ ವರ್ಷ ಹಂಗಾಮು ಇಲ್ಲದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಇದೇ ಯೋಜನೆಯನ್ನು ಮೂರು ಬಗೆಯಲ್ಲಿ ಕಟ್ಟಿ ನೋಡಿದೆವು: ಶಿಸ್ತಾಗಿ ಬರೆದ ಡಾಕರ್, ನಿಕ್ಸ್ ಮತ್ತು ಗೀಕ್ಸ್. ಮೂರೂ ಒಂದು ಸಾಫ್ಟ್‌ವೇರಿಗೆ ಬೇಕಾದದ್ದನ್ನೆಲ್ಲ ಬರೆದಿಟ್ಟು ಅದೇ ಪರಿಸರವನ್ನು ಬೇರೆ ಯಂತ್ರದಲ್ಲೂ ಎಬ್ಬಿಸುವ ಸಾಧನಗಳು. ನಮ್ಮಲ್ಲಿದ್ದದ್ದು ಉಬುಂಟು ಮತ್ತು ಫೆಡೋರಾದ ಒಂದೊಂದು ಲ್ಯಾಪ್‌ಟಾಪ್, ಒಂದು ಹೊಸ ಬಗೆಯ ಆರ್ಮ್ ಮ್ಯಾಕ್, ವಿಂಡೋಸ್‌ನೊಳಗೆ ಡಬ್ಲ್ಯೂಎಸ್‌ಎಲ್ (ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿದ ಇನ್ನೊಂದು ಯಂತ್ರ, ಜೊತೆಗೆ ಕಚೇರಿಯ ಮೂಲೆಯಲ್ಲಿ ಸದಾ ಓಡುವ ಒಂದು ಲಿನಕ್ಸ್ ಡೆಸ್ಕ್‌ಟಾಪ್. ಅಂತಿಮ ವರ್ಷದ ಇಂಟರ್ನ್‌ಶಿಪ್‌ಗೆ ಬಂದಿದ್ದ ಇಬ್ಬರು ವಿದ್ಯಾರ್ಥಿಗಳಿಗೆ ಪ್ರತಿ ಬಗೆಯಲ್ಲೂ ಖಾಲಿ ಯಂತ್ರದಿಂದ ಆರಂಭಿಸಿ ಒಂದು ಚೀಟಿ ಮುದ್ರಿಸುವ ಕೆಲಸ ಕೊಟ್ಟೆವು.

ಡಾಕರ್ 2013ರಲ್ಲಿ ಬಂದದ್ದು, ವಿದ್ಯಾರ್ಥಿಗಳಿಗೆ ಅದು ಮೊದಲೇ ಗೊತ್ತಿತ್ತು, ಮತ್ತು ಖಾಲಿ ಯಂತ್ರದಿಂದ ಮೊದಲ ಚೀಟಿಯವರೆಗಿನ ದಾರಿ ಅದರಲ್ಲೇ ಎಲ್ಲಕ್ಕಿಂತ ಚಿಕ್ಕದು. ಒಮ್ಮೆ ಕಟ್ಟಿದ ಇಮೇಜನ್ನು ಕಡತವಾಗಿ ಉಳಿಸಿ ಪೆನ್‌ಡ್ರೈವಿನಲ್ಲಿ ಒಯ್ದು ಇಂಟರ್ನೆಟ್ ಇಲ್ಲದ ಕಾರ್ಖಾನೆಯ ಸರ್ವರಿನಲ್ಲಿ ಇಳಿಸಿದರೆ ಅದು ಅಲ್ಲಿಯೂ ಹಾಗೆಯೇ ಓಡುತ್ತದೆ. ಈ ಗುಣವನ್ನು ನಾನು ಬಹಳ ಮೆಚ್ಚುತ್ತೇನೆ. ತೊಂದರೆ ಇರುವುದು ಅದೇ ಇಮೇಜನ್ನು ಮತ್ತೆ ಕಟ್ಟಬೇಕಾದಾಗ. ಡಾಕರ್ ಕಡತದ ಮೊದಲ ಸಾಲಿನಲ್ಲಿ ನಾವು ಬರೆಯುವ ಪೈಥಾನ್ 3.11ರ ತೆಳು ಇಮೇಜಿನ ಹೆಸರು ಒಂದು ನಿಶ್ಚಿತ ವಸ್ತುವಿನ ಹೆಸರಲ್ಲ, ಒಂದು ಬೋರ್ಡು ಮಾತ್ರ: 2023ರ ಜೂನ್‌ನಲ್ಲಿ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ 12ನೆಯ ಆವೃತ್ತಿ ಬಿಡುಗಡೆಯಾದಾಗ ಅದೇ ಬೋರ್ಡಿನ ಹಿಂದಿನ ವ್ಯವಸ್ಥೆ ಡೆಬಿಯನ್ 11ರಿಂದ 12ಕ್ಕೆ ಬದಲಾಯಿತು. ಹೆಸರಿನ ಬದಲು ಡೈಜೆಸ್ಟ್, ಅಂದರೆ ಆ ಇಮೇಜಿನ ಹ್ಯಾಶ್, ಬರೆದರೆ ಅಷ್ಟು ಭಾಗ ಗಟ್ಟಿಯಾಗುತ್ತದೆ, ಆದರೆ ಅದರ ಮುಂದಿನ ಸಾಲಿನಲ್ಲೇ ಬರುವ ಆಪ್ಟ್ ಅಪ್‌ಡೇಟ್ ಎಂಬ ಆದೇಶ ಡೆಬಿಯನ್ ಪ್ಯಾಕೇಜುಗಳ ಆಯಾ ದಿನದ ಪಟ್ಟಿಯನ್ನು ತರುತ್ತದೆ. ಆಪ್ಟ್‌ನಲ್ಲಿ ಫ್ರಿಬಿಡಿಯ ನಿಖರ ಆವೃತ್ತಿಯನ್ನು ಬರೆದು ಬಿಗಿಗೊಳಿಸಬಹುದು. ಆದರೆ ಡೆಬಿಯನ್ ಆ ಪ್ಯಾಕೇಜನ್ನು ಪರಿಷ್ಕರಿಸಿದರೆ ಹಳೆಯ ಆವೃತ್ತಿ ಮುಖ್ಯ ಸರ್ವರುಗಳಿಂದ ಇಳಿದುಹೋಗುತ್ತದೆ, ಮತ್ತು ಬಿಗಿಗೊಳಿಸಿದ್ದಕ್ಕಾಗಿಯೇ ನಮ್ಮ ಕಟ್ಟುವಿಕೆ ಮುರಿಯುತ್ತದೆ. ಡೆಬಿಯನ್ನಿನ ಹಳೆಯ ದಿನಗಳ ಸ್ಥಿತಿಯನ್ನು ಕಾಪಿಡುವ ಸ್ನ್ಯಾಪ್‌ಶಾಟ್ ಸೇವೆಯನ್ನು ಬಳಸಿ ಇದನ್ನೂ ದಾಟಿದೆವು. ಆದರೆ ಅಷ್ಟು ಹೊತ್ತಿಗೆ ನಮ್ಮ ಡಾಕರ್ ಕಡತ, ಡಾಕರ್ ತಾನಾಗಿ ಕೊಡದ ಒಂದು ಗುಣವನ್ನು ಕೈಯಾರೆ ಕಟ್ಟುವ ಪ್ರಯತ್ನವಾಗಿ ಉದ್ದವಾಗಿತ್ತು.

ಅಭಿವೃದ್ಧಿಯ ದಿನನಿತ್ಯದ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಕಾಟಾದ ಇಂಡಿಕೇಟರ್ ತೂಕವನ್ನು ಸೀರಿಯಲ್ ಕೇಬಲ್ಲಿನಲ್ಲಿ ಕಳುಹಿಸುತ್ತದೆ. ಲಿನಕ್ಸ್‌ನಲ್ಲಿ ಆ ಪೋರ್ಟನ್ನು ಕಂಟೇನರಿಗೆ, ಅಂದರೆ ಇಮೇಜಿನಿಂದ ಎದ್ದು ಉಳಿದ ಯಂತ್ರದಿಂದ ಬೇರೆಯಾಗಿ ಓಡುವ ಆವರಣಕ್ಕೆ, ಒಪ್ಪಿಸುವುದು ಒಂದು ಆಯ್ಕೆಯ ಮಾತು, ಆದರೆ ಮ್ಯಾಕ್‌ನಲ್ಲಿ ಡಾಕರ್ ಒಂದು ವರ್ಚುವಲ್ ಯಂತ್ರದೊಳಗೆ ಓಡುವುದರಿಂದ ಯುಎಸ್‌ಬಿ ಕೇಬಲ್ಲಿನ ತುದಿ ಅದಕ್ಕೆ ಸುಲಭವಾಗಿ ಕಾಣುವುದಿಲ್ಲ. ಕಂಟೇನರಿನೊಳಗೆ ಹುಟ್ಟಿದ ಕಡತಗಳು ಹೊರಗೆ ರೂಟ್ ಎಂಬ ಮೇಲಧಿಕಾರದ ಖಾತೆಯ ಒಡೆತನದಲ್ಲಿ ಉಳಿದು ಅಳಿಸಲು ಬಾರದೆ ವಿದ್ಯಾರ್ಥಿಗಳು ಪರದಾಡಿದರು. ಎಡಿಟರ್ ಹೊರಗೆ, ಪೈಥಾನ್ ಒಳಗೆ ಎಂಬ ಈ ಗೋಡೆಯನ್ನು ದಾಟಲು ಸಾಧನಗಳಿವೆ. ಆದರೂ ನಮ್ಮ ಕೆಲಸಕ್ಕೆ ಬೇಕಾಗಿದ್ದದ್ದು ಆ ಗೋಡೆಯಲ್ಲ, ಗೋಡೆಯಿಲ್ಲದೆಯೇ ಸಿಗುವ ಖಚಿತತೆ.

ನಿಕ್ಸ್ ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿಯುತ್ತದೆ. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಎಲ್ಕೋ ಡೋಲ್‌ಸ್ಟ್ರಾ ಅವರು 2003ರಲ್ಲಿ ಆರಂಭಿಸಿ 2006ರ ಪಿಎಚ್‌ಡಿ ಪ್ರಬಂಧದಲ್ಲಿ ಮಂಡಿಸಿದ ವಿಚಾರ ಇದು: ಒಂದು ಪ್ಯಾಕೇಜನ್ನು ಕಟ್ಟುವ ಕ್ರಿಯೆಯನ್ನು ಗಣಿತದ ಫಂಕ್ಷನ್ನಿನಂತೆ ಕಾಣಬೇಕು. ಮೂಲ ಸಂಕೇತ, ಕಂಪೈಲರ್, ಪ್ರತಿಯೊಂದು ಅವಲಂಬನೆ, ಕಟ್ಟುವ ಆದೇಶಗಳು ಇವೆಲ್ಲ ಆ ಫಂಕ್ಷನ್ನಿನ ಒಳಸುರಿಗಳು, ಸಿದ್ಧ ಪ್ಯಾಕೇಜ್ ಅದರ ಫಲ, ಮತ್ತು ಒಳಸುರಿಗಳಲ್ಲಿ ಹೆಸರಿಸದ ಯಾವುದೂ ಫಲವನ್ನು ಮುಟ್ಟಬಾರದು. ಇದಕ್ಕಾಗಿ ನಿಕ್ಸ್ ಪ್ರತಿ ಪ್ಯಾಕೇಜನ್ನೂ ನಿಕ್ಸ್ ಸ್ಟೋರ್ ಎಂಬ ಒಂದೇ ಜಾಗದಲ್ಲಿ, ಒಳಸುರಿಗಳಿಂದ ಎಣಿಸಿದ 32 ಅಕ್ಷರಗಳ ಹ್ಯಾಶನ್ನು ಹೆಸರಿನ ಮುಂದಿಟ್ಟು ಇರಿಸುತ್ತದೆ. ಫ್ರಿಬಿಡಿ ಬದಲಾದರೆ ರಾಕ್ಮ್‌ನ ಹ್ಯಾಶ್ ಬದಲಾಗುತ್ತದೆ, ಅದರಿಂದ ಪಿಲ್ಲೋದ್ದು, ಅದರಿಂದ ನಮ್ಮ ಇಡೀ ಪರಿಸರದ್ದು. ಹಳೆಯದು ಹೊಸದರ ಪಕ್ಕದಲ್ಲೇ ಕದಲದೆ ಉಳಿಯುತ್ತದೆ. ಲಿನಕ್ಸ್‌ನಲ್ಲಿ ಕಟ್ಟುವಿಕೆ ನಡೆಯುವುದು ಸ್ಯಾಂಡ್‌ಬಾಕ್ಸ್ ಎಂಬ ಬೇಲಿಯೊಳಗೆ, ಜಾಲದ ಸಂಪರ್ಕವಿಲ್ಲದೆ. ಹೊರಗಿನಿಂದ ಇಳಿಸಬೇಕಾದ ಮೂಲಗಳಿಗೆ ಮುಂಚೆಯೇ ಹ್ಯಾಶ್ ಬರೆದಿರಬೇಕು.

ಬಳಸಲು ಬೇಕಾದದ್ದು ಯೋಜನೆಯ ಫೋಲ್ಡರಿನಲ್ಲಿ ಏನೇನು ಬೇಕೆಂದು ಹೇಳುವ ಒಂದು ಫ್ಲೇಕ್ ಕಡತ ಮತ್ತು ಅದರ ಲಾಕ್. ಫ್ಲೇಕ್ ಇನ್ನೂ ಪ್ರಾಯೋಗಿಕ ಎಂಬ ಹಣೆಪಟ್ಟಿ ಹೊತ್ತಿದ್ದರೂ ನಿಕ್ಸ್ 2.4ರೊಂದಿಗೆ 2021ರಲ್ಲಿ ಬಂದಾಗಿನಿಂದ ವ್ಯಾಪಕವಾಗಿ ಬಳಕೆಯಲ್ಲಿದೆ. ಒಂದು ಲಕ್ಷಕ್ಕೂ ಮಿಕ್ಕ ಪ್ಯಾಕೇಜುಗಳಿರುವ ನಿಕ್ಸ್‌ಪ್ಯಾಕೇಜಸ್ ಸಂಗ್ರಹದ ಯಾವ ಕಮಿಟ್ (ದಾಖಲಾದ ಒಂದು ನಿರ್ದಿಷ್ಟ ಸ್ಥಿತಿ) ನಮ್ಮದು ಎಂಬುದನ್ನು ಲಾಕ್ ಕಡತ ಹೇಳುತ್ತದೆ. ನಿಕ್ಸ್ ಡೆವಲಪ್ ಎಂದು ಆದೇಶ ಕೊಟ್ಟರೆ ಆ ಕಮಿಟ್‌ನ ಪೈಥಾನ್, ಪೋಸ್ಟ್‌ಗ್ರೆಸ್, ಫಾಂಟುಗಳು ಎಲ್ಲ ಇರುವ ಶೆಲ್, ಅಂದರೆ ಆದೇಶ ಟೈಪು ಮಾಡುವ ಕಿಟಕಿ, ತೆರೆಯುತ್ತದೆ. ಅದು ಕಂಟೇನರ್ ಅಲ್ಲ, ನಮ್ಮದೇ ಯಂತ್ರದ ಸಾಮಾನ್ಯ ಪ್ರಕ್ರಿಯೆ. ಆದ್ದರಿಂದ ಸೀರಿಯಲ್ ಪೋರ್ಟ್ ಇದ್ದಲ್ಲೇ ಸಿಗುತ್ತದೆ, ಕಡತಗಳ ಒಡೆತನ ನಮ್ಮದೇ ಆಗಿರುತ್ತದೆ, ಎಡಿಟರಿಗೆ ಎಲ್ಲವೂ ಕಾಣುತ್ತದೆ. ಡೈರೆನ್ವ್ ಎಂಬ ಚಿಕ್ಕ ಸಾಧನ ಸೇರಿಸಿದ ಮೇಲೆ ಫೋಲ್ಡರಿನೊಳಗೆ ಕಾಲಿಟ್ಟ ಕೂಡಲೇ ಪರಿಸರ ತಾನಾಗಿ ಸಿದ್ಧವಾಗುವುದನ್ನು ಕಂಡು ವಿದ್ಯಾರ್ಥಿಗಳ ಮುಖ ಅರಳಿತು.

ಅರಳುವ ಮೊದಲು ಅವರು ಪಟ್ಟ ಪಾಡನ್ನೂ ಬರೆಯಬೇಕು. ಕಡತಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್ ಇರುವ ಫೋಲ್ಡರಿನಲ್ಲಿ ಫ್ಲೇಕ್, ಗಿಟ್‌ಗೆ ಸೇರಿಸಿದ ಕಡತಗಳನ್ನು ಮಾತ್ರ ನೋಡುತ್ತದೆ. ಹೊಸದಾಗಿ ಬರೆದ ಕಡತವನ್ನು 'ಗಿಟ್ ಆಡ್' ಮಾಡದಿದ್ದರೆ, ಕಣ್ಣ ಮುಂದೆ ಇರುವ ಕಡತವನ್ನೇ ಇಲ್ಲವೆಂದು ನಿಕ್ಸ್ ಹೇಳುತ್ತದೆ, ಮತ್ತು ಇದರ ಮೇಲೆ ಒಬ್ಬ ಹುಡುಗನ ಒಂದು ಇಡೀ ಮಧ್ಯಾಹ್ನ ಹೋಯಿತು. ನಿಕ್ಸ್ ಭಾಷೆ ಚಿಕ್ಕದಾದರೂ ಅದರ ದೋಷ ವರದಿಗಳು ಬಹಳ ಉದ್ದ, ನಮ್ಮ ತಪ್ಪು ಇರುವ ಸಾಲು ಆ ಉದ್ದದಲ್ಲಿ ಎಲ್ಲೋ ಹೂತಿರುತ್ತದೆ. ಡಿಸ್ಕ್ ಬೇಗ ತುಂಬುತ್ತದೆ, ಕಸ ಗುಡಿಸುವ ಆದೇಶವನ್ನು ಆಗಾಗ ಕೊಡಬೇಕು.

ಆದರೆ ಇಡೀ ಹೋಲಿಕೆಯಲ್ಲಿ ನನಗೆ ಅತ್ಯಂತ ಬೆಲೆಬಾಳುವ ಗಳಿಗೆ ಬಂದದ್ದು ಇಂತಹ ಒಂದು ತೊಡಕಿನಿಂದಲೇ. ಮೊದಲ ವಾರ ನಾವು ಪೈಥಾನನ್ನು ಮಾತ್ರ ನಿಕ್ಸ್‌ನಿಂದ ತಂದು ಉಳಿದದ್ದನ್ನು ಹಳೆಯ ಅಭ್ಯಾಸದಂತೆ ಪಿಪ್‌ನಿಂದ ಹಾಕಿದ್ದೆವು. ನಮ್‌ಪೈ ಎಂಬ ಲೆಕ್ಕಾಚಾರದ ಲೈಬ್ರರಿ, ಸಿ++ನ ಮೂಲ ಲೈಬ್ರರಿ ಸಿಗುತ್ತಿಲ್ಲವೆಂದು ನಿಂತುಬಿಟ್ಟಿತು, ಏಕೆಂದರೆ ನಿಕ್ಸ್‌ನ ಪೈಥಾನ್ ತನ್ನದೇ ಸಿ ಲೈಬ್ರರಿಯೊಂದಿಗೆ ಬರುತ್ತದೆ ಮತ್ತು ಉಬುಂಟುವಿನ ಲೈಬ್ರರಿ ಫೋಲ್ಡರುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಅದನ್ನು ದಾರಿಗೆ ತಂದು ಚೀಟಿಯ ಚಿತ್ರ ಬಿಡಿಸಿದಾಗ ಪರದೆಯ ಮೇಲೆ ಮೂಡಿದ್ದು 'ಬಸಪ್‌ಪ'. ಕಾರ್ಖಾನೆಯಲ್ಲಿ ಮಾತ್ರ ಕಂಡಿದ್ದ ದೋಷ, ಉಬುಂಟುವಿನಲ್ಲಿ ಫ್ರಿಬಿಡಿ ಇದ್ದ ನನ್ನದೇ ಲ್ಯಾಪ್‌ಟಾಪಿನಲ್ಲಿ ಅಂದು ಮೊದಲ ಬಾರಿಗೆ ಕಾಣಿಸಿಕೊಂಡಿತು. ನಾವು ಹೇಳದೆ ಬಿಟ್ಟ ಅವಲಂಬನೆಯನ್ನು ಯಂತ್ರ ಗುಟ್ಟಾಗಿ ತುಂಬಿಕೊಡುತ್ತಿದ್ದದ್ದೇ ನಮ್ಮ ಮೂಲ ರೋಗ, ಮತ್ತು ನಿಕ್ಸ್ ಹಾಗೆ ತುಂಬಿಕೊಡಲು ಒಪ್ಪಲಿಲ್ಲ. ನಂತರ ಪಿಲ್ಲೋವನ್ನೂ ನಿಕ್ಸ್‌ಪ್ಯಾಕೇಜಸ್‌ನಿಂದಲೇ ತಂದು, ರಾಕ್ಮ್ ಇದೆಯೇ ಎಂದು ಪಿಲ್ಲೋವನ್ನೇ ಕೇಳುವ ಪರೀಕ್ಷೆಯೊಂದನ್ನು ಬರೆದೆವು. 'ವೈ-ಡಿಪೆಂಡ್ಸ್' ಎಂಬ ನಿಕ್ಸ್ ಆದೇಶ ನಮ್ಮ ಪರಿಸರದಿಂದ ಫ್ರಿಬಿಡಿಯವರೆಗಿನ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ತೋರಿಸಿತು.

ಮ್ಯಾಕ್ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅದೇ ಲಾಕ್ ಕಡತದಿಂದ ಮ್ಯಾಕ್‌ನಲ್ಲಿ ಸಿಗುವುದು ಅವೇ ಮೂಲಗಳಿಂದ ಮ್ಯಾಕ್‌ಗಾಗಿ ಕಟ್ಟಿದ ಪ್ಯಾಕೇಜುಗಳೇ ಹೊರತು ಲಿನಕ್ಸ್‌ನ ಅದೇ ಬೈನರಿಗಳು, ಅಂದರೆ ಯಂತ್ರ ನೇರವಾಗಿ ಓಡಿಸುವ ಕಡತಗಳು, ಅಲ್ಲ. ನಮ್ಮ ಚೀಟಿಗೆ ಅಷ್ಟು ಸಾಕಾಯಿತು. ವಿಂಡೋಸ್ ಯಂತ್ರದ ಡಬ್ಲ್ಯೂಎಸ್‌ಎಲ್ ಒಳಗೆ ನಿಕ್ಸ್ ತಕರಾರಿಲ್ಲದೆ ನಡೆಯಿತು.

ಗೀಕ್ಸ್‌ನ್ನು ನಾನು ಕೊನೆಯಲ್ಲಿ ತೆಗೆದುಕೊಂಡೆ, ಮತ್ತು ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಅದೇ. ಲುಡೋವಿಕ್ ಕೋರ್ಟೆಸ್ ಅವರು 2012ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ಭಾಗವಾಗಿ ಪ್ರಕಟಿಸಿದ, 2019ರಲ್ಲಿ 1.0 ಆವೃತ್ತಿ ಕಂಡ ಈ ವ್ಯವಸ್ಥೆ ನಿಕ್ಸ್‌ನ ವಿಚಾರವನ್ನೇ ಇಟ್ಟುಕೊಂಡು, ಪ್ಯಾಕೇಜಿನ ವಿವರಣೆಯಿಂದ ಆದೇಶಗಳವರೆಗೆ ಬಹುತೇಕ ಎಲ್ಲವನ್ನೂ ಸ್ಕೀಮ್ ಭಾಷೆಯಲ್ಲಿ ಬರೆಯುತ್ತದೆ. ನಿಕ್ಸ್‌ನ ಸ್ವಂತ ಭಾಷೆಯನ್ನು ನಿಕ್ಸ್‌ಗೆ ಮಾತ್ರ ಕಲಿಯಬೇಕು. ಸ್ಕೀಮ್ ದಶಕಗಳಿಂದ ಕಲಿಸಿಕೊಂಡು ಬಂದ ಭಾಷೆ, ಕಲಿತದ್ದು ಬೇರೆಡೆಯೂ ಉಳಿಯುತ್ತದೆ. ಬೇಕಾದ ಪ್ಯಾಕೇಜುಗಳ ಪಟ್ಟಿ ಒಂದು ಕಡತ, ಚಾನೆಲ್‌ನ (ಗೀಕ್ಸ್ ಪ್ಯಾಕೇಜುಗಳ ಸಂಗ್ರಹದ) ಯಾವ ಕಮಿಟ್ ಎಂಬುದು ಇನ್ನೊಂದು ಕಡತ. 'ಗೀಕ್ಸ್ ಟೈಮ್-ಮಷೀನ್' ಆದೇಶಕ್ಕೆ ಈ ಎರಡನ್ನೂ ಕೊಟ್ಟರೆ ಆ ಕಾಲದ ಗೀಕ್ಸ್‌ನ್ನೇ ಎಬ್ಬಿಸಿ ಅದರಿಂದ ಪರಿಸರ ಕಟ್ಟಿಸುತ್ತದೆ. 'ಗೀಕ್ಸ್ ಶೆಲ್'ಗೆ ಕಂಟೇನರ್ ಆಯ್ಕೆ ಸೇರಿಸಿದರೆ ಜಾಲವೂ ಇಲ್ಲದ, ಈಗಿನ ಫೋಲ್ಡರ್ ಮಾತ್ರ ಕಾಣುವ ಶೆಲ್ ಕ್ಷಣದಲ್ಲಿ ಸಿಗುತ್ತದೆ. ಸೀರಿಯಲ್ ಪೋರ್ಟ್ ಬೇಕೆಂದರೆ ಅದನ್ನು ಹೆಸರು ಹಿಡಿದು ಹಂಚಿಕೊಳ್ಳಬೇಕು. ಹೇಳದೆ ಬಿಟ್ಟ ಅವಲಂಬನೆಗಳನ್ನು ಹಿಡಿಯಲು ಇಷ್ಟು ಅಚ್ಚುಕಟ್ಟಾದ ಸಾಧನ ನಿಕ್ಸ್ ಡೆವಲಪ್‌ನಲ್ಲಿ ಇಲ್ಲ, ಅಲ್ಲಿ ಹೊರಗಿನ ಆದೇಶಗಳು ಒಳಗೂ ಕಾಣುತ್ತಲೇ ಇರುತ್ತವೆ. ಬೈನರಿಗಳ ಬುಡವನ್ನು ಹುಡುಕಿಕೊಂಡು ಹೋದ ಗೀಕ್ಸ್‌ನವರು 2023ರಲ್ಲಿ ಕೇವಲ 357 ಬೈಟುಗಳ ಒಂದು ಪ್ರೋಗ್ರಾಮಿನಿಂದ ಮೇಲಕ್ಕೆ ಇಡೀ ಗೋಪುರವನ್ನು ಮೂಲ ಸಂಕೇತದಿಂದಲೇ ಕಟ್ಟಿ ತೋರಿಸಿದರು. ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ.

ಬೆಳಗಾವಿಯ ಮಳೆಗಾಲದಲ್ಲಿ ಕರೆಂಟು ಮತ್ತು ಇಂಟರ್ನೆಟ್ ಎರಡೂ ಒಮ್ಮೊಮ್ಮೆ ಕೈಬಿಡುತ್ತವೆ, ಹಾಗಾಗಿ ಒಬ್ಬರು ಇಳಿಸಿದ್ದನ್ನು ಉಳಿದವರು ಕಚೇರಿಯೊಳಗೇ ಪಡೆಯುವಂತಿರಬೇಕು ಎಂಬುದು ನಮ್ಮ ದೊಡ್ಡ ಬೇಡಿಕೆಯಾಗಿತ್ತು. ಇದರಲ್ಲಿ ಗೀಕ್ಸ್ ಮುಂದಿದೆ. ಮೂಲೆಯ ಡೆಸ್ಕ್‌ಟಾಪಿನಲ್ಲಿ 'ಗೀಕ್ಸ್ ಪಬ್ಲಿಶ್' ಓಡಿಸಿ ಜಾಹೀರು ಮಾಡುವ ಆಯ್ಕೆ ಕೊಟ್ಟೆವು, ಉಳಿದ ಯಂತ್ರಗಳ ಡೀಮನ್‌ಗೆ (ಹಿನ್ನೆಲೆಯಲ್ಲಿ ಓಡುವ ಗೀಕ್ಸ್ ಪ್ರೋಗ್ರಾಮಿಗೆ) ಹುಡುಕುವ ಆಯ್ಕೆ ಕೊಟ್ಟೆವು, ಅವು ಒಂದನ್ನೊಂದು ತಾವೇ ಕಂಡುಕೊಂಡವು. ನಾವು ನಂಬಿದ ಸರ್ವರಿನ ಸಹಿಯಿರುವ ಹ್ಯಾಶ್‌ಗೆ ಹೊಂದುವ ಪ್ಯಾಕೇಜನ್ನು ಯಾವ ಯಂತ್ರದಿಂದ ತಂದರೂ ಭಯವಿಲ್ಲ ಎಂಬ ತರ್ಕ ಅಲ್ಲಿ ಮೊದಲಿನಿಂದಲೇ ಅಳವಟ್ಟಿದೆ. ನಿಕ್ಸ್‌ನಲ್ಲಿ ಇದೇ ಕೆಲಸಕ್ಕೆ 'ನಿಕ್ಸ್-ಸರ್ವ್' ಎಂಬ ಪ್ರತ್ಯೇಕ ಸಾಧನ ಹಾಕಿ, ಕೀಲಿ ಮಾಡಿ, ಪ್ರತಿ ಯಂತ್ರದಲ್ಲೂ ವಿಳಾಸ ಬರೆಯಬೇಕಾಯಿತು. ಡಾಕರ್‌ನಲ್ಲಿ ಇಮೇಜನ್ನು ಉಳಿಸಿ ಕಡತವಾಗಿ ಹಂಚಿದೆವು, ಅದರಲ್ಲಿ ಹೇಳುವಂಥದ್ದೇನಿಲ್ಲ.

ಹೀಗಿದ್ದರೂ ಗೀಕ್ಸ್ ನಮ್ಮ ಮುಖ್ಯ ಆಯ್ಕೆಯಾಗಲಿಲ್ಲ, ಮತ್ತು ಕಾರಣಗಳು ತೀರಾ ಲೌಕಿಕವಾದವು. ಅದು ಮ್ಯಾಕ್‌ನಲ್ಲಿ ಓಡುವುದಿಲ್ಲ. ಸಂಗ್ರಹವನ್ನು ಹೊಸದಾಗಿಸುವ 'ಗೀಕ್ಸ್ ಪುಲ್' ಪ್ರತಿ ಸಲವೂ ಬಹಳ ಹೊತ್ತು ಹಿಡಿಯುತ್ತದೆ, ಟೈಮ್-ಮಷೀನ್‌ನ ಮೊದಲ ಓಟವೂ ಹಾಗೆಯೇ. ಸಿದ್ಧ ಬೈನರಿಗಳು ನಮ್ಮ ಸಂಪರ್ಕದಲ್ಲಿ ನಿಧಾನವಾಗಿ ಇಳಿದವು, ಸಿದ್ಧ ಪ್ರತಿ ಇಲ್ಲದಿದ್ದಲ್ಲಿ ನಮ್ಮ ಲ್ಯಾಪ್‌ಟಾಪೇ ಕಟ್ಟಲು ಕುಳಿತಿತು. ಕೊನೆಯದಾಗಿ, ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗ ಎಸ್‌ಕ್ಯೂಎಲ್ ಸರ್ವರ್ ಎಂಬ ಮೈಕ್ರೋಸಾಫ್ಟ್ ಡೇಟಾಬೇಸ್ ಬಳಸುತ್ತದೆ, ಅವರ ಒಪ್ಪಂದ ಮೈಕ್ರೋಸಾಫ್ಟ್‌ನದೇ ಓಡಿಬಿಸಿ ಡ್ರೈವರನ್ನು, ಅಂದರೆ ಆ ಡೇಟಾಬೇಸಿಗೆ ಸಂಪರ್ಕ ಕೊಡುವ ತಂತ್ರಾಂಶವನ್ನು, ಕೇಳುತ್ತದೆ. ಮುಕ್ತ ತಂತ್ರಾಂಶವನ್ನು ಮಾತ್ರ ಸೇರಿಸಿಕೊಳ್ಳುವ ಗೀಕ್ಸ್‌ನ ಸಂಗ್ರಹದಲ್ಲಿ ಅದು ಇಲ್ಲ. ನಿಕ್ಸ್‌ಪ್ಯಾಕೇಜಸ್‌ನಲ್ಲಿ ಅದು ಮುಕ್ತವಲ್ಲದ್ದು ಎಂಬ ಗುರುತಿನೊಂದಿಗೆ ಇದೆ, ನಾವು ಬಾಯಿಬಿಟ್ಟು ಒಪ್ಪಿಗೆ ಕೊಟ್ಟರೆ ಬರುತ್ತದೆ. ಅದೇ ಕೆಲಸ ಮಾಡುವ, ಮುಕ್ತವಾದ ಫ್ರೀಟಿಡಿಎಸ್ ಬಳಸಲು ಅವರನ್ನು ಒಪ್ಪಿಸಲು ಪ್ರಯತ್ನಿಸಿ ಸೋತೆ. ಗೀಕ್ಸ್‌ನ ನಿಲುವು ನನಗೆ ಸರಿಯೆನಿಸುತ್ತದೆ, ಆದರೂ ಡಿಸೆಂಬರಿನ ರಾತ್ರಿ ಯಾರ್ಡಿನಲ್ಲಿ ಸಾಲುಗಟ್ಟಿದ ಟ್ರ್ಯಾಕ್ಟರುಗಳ ಮುಂದೆ ಆ ಡ್ರೈವರ್ ಇಲ್ಲವೆಂದು ಹೇಳಲಾರೆ. ಎಲ್ಲರೂ ಲಿನಕ್ಸ್‌ನಲ್ಲಿರುವ, ಇಂತಹ ಕಟ್ಟುಪಾಡಿಲ್ಲದ ತಂಡಕ್ಕೆ, ವಿಶೇಷವಾಗಿ ಕಾಲೇಜಿನ ಲ್ಯಾಬು ಅಥವಾ ಸಂಶೋಧನೆಯ ಗುಂಪಿಗೆ, ನಾನು ಗೀಕ್ಸ್‌ನ್ನೇ ಹೇಳುತ್ತೇನೆ.

ಪುನರುತ್ಪಾದನೆ, ಅಂದರೆ ಮತ್ತೆ ಕಟ್ಟಿದಾಗಲೂ ಅದೇ ಫಲ ಸಿಗುವುದು, ಎಂಬ ಮಾತಿನ ಬಗ್ಗೆಯೂ ನಾವು ಎಚ್ಚರವಾಗಿರಬೇಕು. ಹ್ಯಾಶ್ ಒಂದೇ ಆಗಿದ್ದರೆ ಒಳಸುರಿಗಳು ಒಂದೇ ಎಂದರ್ಥ. ಫಲವೂ ಬೈಟು ಬೈಟಿಗೆ ಒಂದೇ ಎಂಬ ಖಾತರಿ ಅದರಿಂದ ತಾನಾಗಿ ಬರುವುದಿಲ್ಲ. ಕಟ್ಟುವ ಹೊತ್ತಿನ ಸಮಯವನ್ನೋ ಕಡತಗಳ ಅನುಕ್ರಮವನ್ನೋ ಒಳಗೆ ಸೇರಿಸಿಕೊಳ್ಳುವ ಪ್ಯಾಕೇಜುಗಳು ಪ್ರತಿ ಸಲ ತುಸು ಬೇರೆಯಾಗಬಹುದು. ಎರಡು ಸಲ ಕಟ್ಟಿ ಹೋಲಿಸುವ ಆಯ್ಕೆ ನಿಕ್ಸ್ ಮತ್ತು ಗೀಕ್ಸ್ ಎರಡರಲ್ಲೂ ಇದೆ, ಮತ್ತು ಬೇರೆ ಬೇರೆ ಸರ್ವರುಗಳು ಕಟ್ಟಿದ್ದನ್ನು ನಮ್ಮದರೊಂದಿಗೆ ಹೋಲಿಸಲು ಗೀಕ್ಸ್‌ನಲ್ಲಿ 'ಚಾಲೆಂಜ್' ಎಂಬ ಆದೇಶವೇ ಇದೆ. ನಮ್ಮದೇ ಸಾಫ್ಟ್‌ವೇರನ್ನು ಎರಡು ಸಲ ಕಟ್ಟಿದಾಗ ಮೊದಲು ಹೊಂದಲಿಲ್ಲ, ಏಕೆಂದರೆ ಚೀಟಿಯ ಅಡಿಯಲ್ಲಿ ತೋರಿಸಲೆಂದು ನಾವೇ ಕಟ್ಟಿದ ದಿನಾಂಕವನ್ನು ಒಳಗೆ ಬರೆಯುತ್ತಿದ್ದೆವು. ಅದರ ಬದಲು ಕಮಿಟ್‌ನ ಗುರುತು ಬರೆದೆವು, ಹೊಂದಿತು.

ಈಗ ನಡೆದಿರುವ ವ್ಯವಸ್ಥೆ ಹೀಗಿದೆ. ಬರೆಯುವುದು, ಪರೀಕ್ಷಿಸುವುದು ನಿಕ್ಸ್ ಶೆಲ್ಲಿನಲ್ಲಿ. ಕಾರ್ಖಾನೆಗೆ ಹೋಗುವುದು ಡಾಕರ್ ಇಮೇಜೇ, ಆದರೆ ಅದನ್ನು ಕಟ್ಟುವುದು ಡಾಕರ್ ಕಡತದಿಂದಲ್ಲ, ನಿಕ್ಸ್‌ನ ಡಾಕರ್‌ಟೂಲ್ಸ್‌ನಿಂದ, ಅದೇ ಲಾಕ್ ಕಡತ ಹಿಡಿದು, ಮೂಲೆಯ ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ. ಇಮೇಜ್ ಕಟ್ಟಿದ ದಿನ 1970ರ ಜನವರಿ 1 ಎಂದು ಅದು ತೋರಿಸುತ್ತದೆ. ದಿನಾಂಕದಿಂದ ಫಲ ಬದಲಾಗದಿರಲಿ ಎಂದು ಹಾಗೆ ಇಡಲಾಗಿದೆಯೆಂದು ಪ್ರತಿ ಕಾರ್ಖಾನೆಯ ಕಂಪ್ಯೂಟರ್ ವಿಭಾಗದವರಿಗೆ ಒಮ್ಮೆ ವಿವರಿಸಬೇಕಾಗುತ್ತದೆ. ನಿಕ್ಸ್‌ಪ್ಯಾಕೇಜಸ್‌ನ ಸ್ಥಿರ ಬಿಡುಗಡೆಗಳು ಮೇ ಮತ್ತು ನವೆಂಬರ್‌ನಲ್ಲಿ ಬರುತ್ತವೆ. ನವೆಂಬರ್ ಎಂದರೆ ಹಂಗಾಮಿನ ನಡುವೆ, ಆಗ ನಾವು ಲಾಕ್ ಮುಟ್ಟುವುದಿಲ್ಲ; ಮೇ ಬಿಡುಗಡೆಯನ್ನು ಜೂನ್‌ನಲ್ಲಿ ತೆಗೆದುಕೊಂಡು ಮಳೆಗಾಲವೆಲ್ಲ ಪರೀಕ್ಷಿಸುತ್ತೇವೆ.

ಪರೀಕ್ಷೆಗಳಲ್ಲಿ ಒಂದು, 'ಯಲ್ಲವ್ವ ಬಸಪ್ಪ' ಎಂಬ ಹೆಸರನ್ನು ಚಿತ್ರವಾಗಿ ಬಿಡಿಸಿ ಅದರ ಹ್ಯಾಶನ್ನು ಹಿಂದಿನ ವರ್ಷದ್ದರೊಂದಿಗೆ ಹೋಲಿಸುತ್ತದೆ. 2025ರ ಜೂನ್‌ನಲ್ಲಿ ಲಾಕ್ ಬದಲಿಸಿದ ದಿನ ಅದು ಸೋತಿತು. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು: ಅಕ್ಷರಗಳು ಇಡಿಯಾಗಿಯೇ ಇದ್ದವು, ಫಾಂಟಿನ ಹೊಸ ಆವೃತ್ತಿಯಲ್ಲಿ ವಕಾರದ ಒತ್ತು ಮಾತ್ರ ಒಂದೆರಡು ಪಿಕ್ಸೆಲ್ ಕೆಳಗಿಳಿದಿತ್ತು. ಹೊಸ ಲಾಕ್ ಮತ್ತು ಹೊಸ ಹ್ಯಾಶ್ ಒಂದೇ ಕಮಿಟ್‌ನಲ್ಲಿ ಸೇರಿದವು, ಮತ್ತು ಆ ಚೀಟಿಯನ್ನು ಥರ್ಮಲ್ ಕಾಗದದ ಮೇಲೆ ತೆಗೆದು ಬಾಗಲಕೋಟೆಯ ಅದೇ ಗುಮಾಸ್ತರಿಗೆ ಫೋಟೋ ಕಳುಹಿಸಿದೆ. "ಈಗ ಬರೋಬ್ಬರಿ ಐತ್ರಿ ಸರ" ಎಂದು ಅವರಿಂದ ಉತ್ತರ ಬಂದ ಮೇಲೆ ಇಮೇಜ್ ಕಟ್ಟಿದೆವು.